ಚಿಕ್ಕಮ್ಮನ ಮೂರು ಬೈಕಿನ ದಂಡಯಾತ್ರೆ

ನಮ್ಮ ಚಿಕ್ಕಮ್ಮನಿಗೆ ತಲೆ ಕೆಟ್ಟಿದೆ ಎಂದು ಹೇಳುವವರು ಹಾಲೆಂಡಿನ ಜೂಟರ್‌ಮೀರಿನಿಂದ ಉಡುಪಿಯವರೆಗೆ ಇದ್ದಾರೆ. ನಾನು ಒಪ್ಪುವುದಿಲ್ಲ. ಇಪ್ಪತ್ತೆರಡು ವರ್ಷ ಈ ದೇಶದಲ್ಲಿದ್ದು, ಡಚ್ಚರಿಗೇ ಡಚ್ ವ್ಯಾಕರಣ ತಿದ್ದಿ, ಒಂದು ವಿಮಾ ಕಚೇರಿಯಲ್ಲಿ ಮೂವತ್ತು ಜನರ ಮೇಲೆ ದರ್ಬಾರು ನಡೆಸುವ ಹೆಂಗಸಿನ ತಲೆ ಕೆಡುವುದುಂಟೇ? ಅದು ಗಟ್ಟಿಮುಟ್ಟಾಗಿಯೇ ಇದೆ. ಅದರ ಹತ್ತಿರ ಆರು ತಿಂಗಳು ಇದ್ದವರ ತಲೆ ಮಾತ್ರ ಕೆಡುತ್ತದೆ. ಸಾಕ್ಷಿ ಬೇಕೇ? ನನ್ನನ್ನು ನೋಡಿ!

ಆಗ ನಾನು ವಾಗೆನಿಂಗನ್ನಿನಲ್ಲಿ ಆಲೂಗಡ್ಡೆಯ ಕೊಳೆರೋಗದ ಮೇಲೆ ಪಿಎಚ್.ಡಿ. ಮಾಡುತ್ತಿದ್ದೆ. ಮೂರನೆಯ ವರ್ಷ. ರೋಗ ಆರೋಗ್ಯವಾಗಿತ್ತು, ಸಂಶೋಧನೆ ಹಾಸಿಗೆ ಹಿಡಿದಿತ್ತು. ಎರಡು ವಾರಕ್ಕೊಮ್ಮೆ ರೈಲು ಹತ್ತಿ ಜೂಟರ್‌ಮೀರಿಗೆ ಹೋಗಿ ಚಿಕ್ಕಮ್ಮನ ಕೈಯ ಅನ್ನ ಸಾರು ಉಂಡು ಬರುವುದೊಂದೇ ಬದುಕಿನಲ್ಲಿ ಉಳಿದಿದ್ದ ಸುಖ. ಜೊತೆಗೆ ಬಸವರಾಜನೂ ಬರುತ್ತಿದ್ದ. ವಿಜಯಪುರದವನು, ನನ್ನ ಪಕ್ಕದ ಕೋಣೆಯವನು, ಮಣ್ಣಿನ ವಿಜ್ಞಾನಿ. ಎತ್ತರ ಆರಡಿ ಎರಡಂಗುಲ, ಅಗಲವೂ ಅದಕ್ಕೆ ತಕ್ಕಂತೆ.

ಫೆಬ್ರವರಿಯ ಒಂದು ಭಾನುವಾರ. ಚಿಕ್ಕಮ್ಮ ಸೌತೆಕಾಯಿ ಹುಳಿ ಬಡಿಸುತ್ತಾ, ಉಪ್ಪು ಸಾಕಾ ಎಂದು ಕೇಳುವ ಧ್ವನಿಯಲ್ಲೇ ಹೇಳಿದರು:

"ಈ ಬೇಸಿಗೆಯಲ್ಲಿ ನಾವು ಬೈಕಲ್ಲಿ ಟೂರ್ ಹೋಗುವಾ. ಒಂದು ವೀಕೆಂಡ್. ಮೂರು ಜನ, ಮೂರು ಬೈಕ್."

"ಯಾರೆಲ್ಲ?" ಎಂದೆ. ಕೇಳಬಾರದಿತ್ತು.

"ನಾನು, ನೀನು, ಬಸವರಾಜ."

ಬಸವರಾಜನ ಗಂಟಲಿಗೆ ಅನ್ನ ಸಿಕ್ಕಿಕೊಂಡಿತು. ಚಿಕ್ಕಪ್ಪ ತಟ್ಟೆಯಿಂದ ತಲೆಯೆತ್ತದೆ "ಬೊಡ್ಚಿ" ಎಂದರು. ತುಳುವಿನಲ್ಲಿ ಹಾಗೆಂದರೆ 'ಬೇಡ'. ಮದುವೆಯಾದಾಗಿನಿಂದ ಅವರು ಹೇಳುತ್ತಾ ಬಂದಿರುವ ಮಾತು ಅದೊಂದೇ. ಇದುವರೆಗೆ ಒಮ್ಮೆಯೂ ಅದು ಕೆಲಸ ಮಾಡಿದ್ದನ್ನು ಕಂಡವರಿಲ್ಲ.

"ನಿಮ್ಮನ್ನು ಯಾರು ಕರೆದದ್ದು?" ಎಂದರು ಚಿಕ್ಕಮ್ಮ. "ನನಗೆ ಐವತ್ತೆರಡು ಆಯ್ತು. ಇನ್ನು ಮೊಣಕಾಲು ಯಾವಾಗ ರಾಜೀನಾಮೆ ಕೊಡ್ತದೋ ಗೊತ್ತಿಲ್ಲ. ಮಣಿಪಾಲದಲ್ಲಿ ಕಾಲೇಜಿಗೆ ಮೊಪೆಡ್ಡಲ್ಲಿ ಹೋದವಳು ನಾನು!"

ಊಟವಾದ ಮೇಲೆ ಹಿತ್ತಲ ಶೆಡ್ಡಿಗೆ ಕರೆದುಕೊಂಡು ಹೋದರು. ಸೈಕಲ್ಲುಗಳ ನಡುವೆ ಹಳೆಯ ಸೀರೆಯೊಂದನ್ನು ಹೊದ್ದು ಏನೋ ನಿಂತಿತ್ತು. ಸೀರೆ ಎಳೆದರೆ ನೂರಿಪ್ಪತ್ತೈದು ಸಿಸಿಯ ಕೆಂಪು ಬೈಕು! ನಮ್ಮ ಅಭಿಪ್ರಾಯ ಕೇಳುವ ಮೊದಲೇ ಅದು ಮನೆಗೆ ಬಂದು ಒಂದು ವಾರವಾಗಿತ್ತು. ಇನ್ನು ತಪ್ಪಿಸಿಕೊಳ್ಳುವುದು ಹೇಗೆ? ಲೈಸೆನ್ಸ್ ಇಲ್ಲ ಎನ್ನೋಣವೆಂದರೆ, ಊರಿನ ಲೈಸೆನ್ಸನ್ನು ನಗರಸಭೆಯಲ್ಲಿ ಕೊಟ್ಟು ಇಲ್ಲಿನದಕ್ಕೆ ಬದಲಾಯಿಸಿಕೊಳ್ಳುವಾಗ ಅರ್ಜಿ ತುಂಬಿಸಿದ್ದೇ ಚಿಕ್ಕಮ್ಮ.

ನನ್ನ ಗಾಡಿ ನಮ್ಮ ಪ್ರಯೋಗಾಲಯದಿಂದ ನಿವೃತ್ತನಾದ ಮುದುಕನೊಬ್ಬ ಎರವಲು ಕೊಟ್ಟಿದ್ದು. ಅದೂ ನೂರಿಪ್ಪತ್ತೈದು ಸಿಸಿ. ಹಾರನ್ ಒತ್ತಿದರೆ ಎಡಗಡೆಯ ಇಂಡಿಕೇಟರ್ ಮಿನುಗುತ್ತಿತ್ತು. ಇಂಡಿಕೇಟರ್ ಹಾಕಿದರೆ ಏನೂ ಆಗುತ್ತಿರಲಿಲ್ಲ. ಬಸವರಾಜನಿಗೆ ಸಿಕ್ಕಿದ್ದು ಬ್ರೊಮರ್. ಎಂದರೆ ಇಲ್ಲಿನ ಮೊಪೆಡ್ಡು. ಅವನು ಅದರ ಮೇಲೆ ಕೂತರೆ ಗಾಡಿ ಮಾಯವಾಗಿ, ಮನುಷ್ಯನೊಬ್ಬ ಕುರ್ಚಿಯಿಲ್ಲದೆ ಕೂತು ರಸ್ತೆಯ ಮೇಲೆ ತೇಲುತ್ತಿರುವಂತೆ ಕಾಣುತ್ತಿತ್ತು.

"ಅಕ್ಕಾರ, ಇದು ನಲವತ್ತೈದರ ಮ್ಯಾಲ ಓಡೂದಿಲ್ರೀ. ಕಾನೂನೂ ಬಿಡೂದಿಲ್ಲ, ಗಾಡೀನೂ ಬಿಡೂದಿಲ್ಲ. ನನ್ನ ಬಿಟ್ಟಬಿಡ್ರಿ" ಎಂದ, ಆಸೆಯಿಂದ.

"ಹಾಗಾದರೆ ಎಲ್ಲರೂ ನಲವತ್ತೈದರಲ್ಲೇ ಹೋಗುವಾ" ಎಂದರು ಚಿಕ್ಕಮ್ಮ. ಮುಗಿಯಿತು!

ಹೋಗುವುದೆಲ್ಲಿಗೆ? ದಕ್ಷಿಣದ ತುದಿಯ ಲಿಂಬರ್ಗಿಗೆ. ದೋಸೆಯ ಕಾವಲಿಯ ಹಾಗಿರುವ ಈ ದೇಶದಲ್ಲಿ ಗುಡ್ಡ ಅಂತ ಇರುವುದು ಅಲ್ಲಿ ಮಾತ್ರ. ಇನ್ನೂರು ಕಿಲೋಮೀಟರ್ ದೂರ. ಬ್ರೊಮರಿಗೆ ಹೆದ್ದಾರಿ ನಿಷಿದ್ಧವಾದ್ದರಿಂದ ಊರೂರು ಸುತ್ತಿಕೊಂಡೇ ಹೋಗಬೇಕು. ವಾಟ್ಸ್ಯಾಪ್ ಗುಂಪುಗಳು ಆಗಷ್ಟೇ ಕಣ್ಣು ಬಿಟ್ಟ ಕಾಲ. ಚಿಕ್ಕಮ್ಮ 'ದಂಡಯಾತ್ರೆ' ಎಂಬ ಗುಂಪು ಕಟ್ಟಿದರು. ಗಾಜಿನ ಮನೆಯಲ್ಲಿ ರೋಗದ ತಟ್ಟೆ ಹಿಡಿದು ಉಸಿರು ಬಿಗಿಹಿಡಿದಿರುವಾಗ ಜೇಬು ಕಂಪಿಸುತ್ತಿತ್ತು: "ನಿನ್ನ ರೇನ್‌ಕೋಟ್ ಯಾವ ಬಣ್ಣ?" ಐದು ನಿಮಿಷದ ನಂತರ: "ಬಸವರಾಜನಿಗೆ ನಸು ಹಳದಿ ಆಗ್ತದಾ?"

ಏಪ್ರಿಲಿನಲ್ಲಿ ಸಾಮಾನಿನ ಪಟ್ಟಿ ಬಂತು. ಅರವತ್ತಮೂರು ಐಟಮ್ಮು. ಎರಡು ರಾತ್ರಿಯೂ ಇಲ್ಲದ ಪ್ರವಾಸಕ್ಕೆ! ನಾನು ಇಪ್ಪತ್ತೇಳನೆಯದರಲ್ಲಿ ನಿಂತೆ.

"ಹೆರೆಮಣೆ ಎಂತಕ್ಕೆ ಚಿಕ್ಕಮ್ಮ?"

"ತೆಂಗಿನಕಾಯಿ ಹೆರೀಲಿಕ್ಕೆ. ಮತ್ತೆಂತ, ಅದರ ಮೇಲೆ ಕೂತು ಧ್ಯಾನ ಮಾಡ್ಲಿಕ್ಕಾ?"

"ಅಲ್ಲಿ ಹೋಟೆಲ್ ಉಂಟಲ್ಲ!"

"ಹೋಟೆಲಲ್ಲಿ ಹೆರೆಮಣೆ ಇರ್ತದಾ?"

ಈ ಪ್ರಶ್ನೆಗೆ ಉತ್ತರ ಇದ್ದವರು ದಯವಿಟ್ಟು ತಿಳಿಸಿ.

ನಂತರ ತಾಲೀಮು. ಭಾನುವಾರ ಬೆಳಗ್ಗೆ, ಮುಚ್ಚಿದ್ದ ಅಂಗಡಿಯೊಂದರ ಖಾಲಿ ಪಾರ್ಕಿಂಗಿನಲ್ಲಿ ಮೂವರೂ ಸಾಲಾಗಿ ಸುತ್ತು ಹೊಡೆಯಬೇಕು. ಚಿಕ್ಕಮ್ಮ ಮುಂದೆ, ನಡುವೆ ಬಸವರಾಜ, ಹಿಂದೆ ನಾನು. ಕೈಸನ್ನೆಗಳೆಲ್ಲ ಅವರದೇ ಆವಿಷ್ಕಾರ. ಎಡಗೈ ಎತ್ತಿದರೆ ನಿಲ್ಲು, ತಿರುಗಿಸಿದರೆ ದಾರಿ ತಪ್ಪಿದೆ, ಹೆಲ್ಮೆಟ್ಟಿನ ಮೇಲೆ ತಟ್ಟಿದರೆ ಚಹಾ. ಬಸವರಾಜನಿಗೆ ಹೆಲ್ಮೆಟ್ಟಿನೊಳಗೆ ತುರಿಕೆ. ಪಾಪ, ಕೆರೆದುಕೊಳ್ಳಲಾಗದೆ ಮೇಲಿಂದ ತಟ್ಟಿಕೊಳ್ಳುತ್ತಿದ್ದ. ಅರ್ಧ ಗಂಟೆಯಲ್ಲಿ ನಾಲ್ಕು ಸಲ ಚಹಾ ಕುಡಿದೆವು. ನಾಯಿ ಹಿಡಿದುಕೊಂಡು ನಿಂತು ನೋಡುತ್ತಿದ್ದ ಅಜ್ಜನೊಬ್ಬ ಕೊನೆಗೆ ಹತ್ತಿರ ಬಂದು ಡಚ್ಚಿನಲ್ಲಿ ಏನೋ ಕೇಳಿದ. ಚಿಕ್ಕಮ್ಮ ಎದೆಯುಬ್ಬಿಸಿ ಉತ್ತರಿಸಿ, ನಮ್ಮತ್ತ ತಿರುಗಿ, "ತುಂಬಾ ಚೆಂದ ಮಾಡ್ತಿದ್ದೀರಿ ಅಂದ" ಎಂದರು. ನನಗೆ ಬರುತ್ತಿದ್ದ ಮುರುಕು ಡಚ್ಚಿನಲ್ಲಿ, ಅವನು ಕೇಳಿದ್ದು 'ಯಾವ ಸರ್ಕಸ್ಸಿನವರು?' ಎಂದು.

ಮೇ ತಿಂಗಳಲ್ಲಿ ಮೂರು ಶನಿವಾರ ಹೊರಡುವುದೆಂದಾಯಿತು. ಮೂರೂ ಸಲ ಮಳೆಯ ಮುನ್ಸೂಚನೆ ನೋಡಿ ಮುಂದೂಡಿದ್ದಾಯಿತು. ಮೂರೂ ಶನಿವಾರ ಎಂಥ ಬಿಸಿಲು ಅಂತೀರಿ! ಇಡೀ ದೇಶ ಹುಲ್ಲಿನ ಮೇಲೆ ಮಲಗಿ ಹಪ್ಪಳದ ಹಾಗೆ ಒಣಗುತ್ತಿತ್ತು. ನಾವು ಮೂವರು ಮಾತ್ರ ರೇನ್‌ಕೋಟ್ ಮಡಿಸುತ್ತಾ ಮನೆಯೊಳಗೆ ಕೂತಿದ್ದೆವು.

ಅದೇ ತಿಂಗಳ ಕೊನೆಗೆ ನನ್ನ ಪ್ರೊಫೆಸರು ಕರೆದು, ಒಂದು ವರ್ಷದ ಪ್ರಯೋಗ ಕೆಟ್ಟಿದೆ, ಮೊದಲಿನಿಂದ ಮಾಡಬೇಕು ಎಂದರು. ಬಹಳ ಮೆತ್ತಗೆ ಹೇಳಿದರು. ಅದೇ ಸಂಕಟ! ಬೈದಿದ್ದರೆ ಸಿಟ್ಟಾದರೂ ಬರುತ್ತಿತ್ತು. ಎರಡು ದಿನ ಹಾಸಿಗೆಯಿಂದ ಏಳಲಿಲ್ಲ. ಎಲ್ಲ ಬಿಟ್ಟು ಊರಿಗೆ ಹೋಗಿಬಿಡೋಣ ಎನಿಸುತ್ತಿತ್ತು. ಊರಿಗೆ ಹೋಗಿ ಯಾರಿಗೆ ಮುಖ ತೋರಿಸುವುದು ಎಂದೂ ಅನಿಸುತ್ತಿತ್ತು. ಗುಂಪಿನಲ್ಲಿ ಬರೆದೆ: "ನಾನು ಟೂರಿಗೆ ಬರುವುದಿಲ್ಲ. ನನ್ನ ಪಿಎಚ್.ಡಿ. ಮುಗಿಯಿತು. ಮುಗಿಯಿತು ಅಂದರೆ ಹಾಳಾಯಿತು."

ಒಂದು ನಿಮಿಷದಲ್ಲಿ ಚಿಕ್ಕಮ್ಮನ ಉತ್ತರ: "ನಿನ್ನ ಗ್ಲೌಸ್ ಸೈಜ್ ಎಷ್ಟು?"

ಅಂತೂ ಜೂನಿನ ಒಂದು ಶನಿವಾರ, "ಇನ್ನು ಮಳೆಯ ಅಪ್ಪನನ್ನೂ ಕೇಳುವುದಿಲ್ಲ" ಎಂದು ಘೋಷಿಸಿ, ಚಕ್ರಗಳಡಿಗೆ ನಿಂಬೆಹಣ್ಣು ಇಟ್ಟು, ಜೂಟರ್‌ಮೀರಿನಿಂದ ಹೊರಟೇಬಿಟ್ಟೆವು. ಕುಕ್ಕರು ನನ್ನ ಬೈಕಿನ ಹಿಂದೆ. ಹೆರೆಮಣೆ ಬಸವರಾಜನ ಬೆನ್ನಿಗೆ. ಚಿಕ್ಕಪ್ಪ ಬಾಗಿಲಲ್ಲಿ ನಿಂತು "ಬೊಡ್ಚಿ" ಎಂದು ಶುಭ ಹಾರೈಸಿದರು.

ಗಂಟೆಗೆ ನಲವತ್ತೈದು. ಎದುರುಗಾಳಿ ಬಂದರೆ ಮೂವತ್ತೈದು. ಹೊಳೆಯ ದಂಡೆಯ ರಸ್ತೆಯಲ್ಲಿ ಬಿಗಿ ಬಟ್ಟೆಯ ಸೈಕಲ್ ಸವಾರರ ಹಿಂಡೊಂದು ಗಂಟೆ ಬಾರಿಸಿ, ದಾರಿ ಬಿಡಿಸಿಕೊಂಡು ನಮ್ಮನ್ನು ಹಿಂದೆ ಹಾಕಿತು. ಬಸವರಾಜ ಅವರಿಗೆ ನಮಸ್ಕಾರ ಮಾಡಿದ. ಎರಡು ಕಡೆ ಬಾರ್ಜಿನಲ್ಲಿ ಹೊಳೆ ದಾಟಿದೆವು. ಚಿಕ್ಕಮ್ಮನ ಎಡಗೈ ಏಳು ಸಲ 'ದಾರಿ ತಪ್ಪಿದೆ' ಎಂದಿತು. ಮಧ್ಯಾಹ್ನ ಮೂರಕ್ಕೆ, ಅರ್ಧ ದಾರಿಯ ಟಿಲ್‌ಬರ್ಗ್ ಊರಿನ ಹೊರಗೆ, ಸಾಲುಸಾಲು ಗೋದಾಮುಗಳ ನಡುವೆ, ಬ್ರೊಮರು ಒಮ್ಮೆ ಕೆಮ್ಮಿ ಕಣ್ಣು ಮುಚ್ಚಿತು. ಫೋನಿನಲ್ಲಿ ಸಿಕ್ಕಿದ ಮೆಕ್ಯಾನಿಕ್ಕು ಸೋಮವಾರ ಬರುತ್ತೇನೆ ಎಂದ.

ನಾಲ್ಕು ತಿಂಗಳ ತಯಾರಿ. ಲಿಂಬರ್ಗಿನ ಗುಡ್ಡಕ್ಕೆ ಹೊರಟವರು ಗೋದಾಮಿನ ಗೋಡೆ ನೋಡುತ್ತಾ ಹುಲ್ಲಿನ ಮೇಲೆ ಚಾದರ ಹಾಸಿ ಚಿತ್ರಾನ್ನ ತಿಂದೆವು. ಮೇಲೆ ತೆಂಗಿನತುರಿ ಇತ್ತು, ಅಲ್ಲೇ ಹೆರೆದದ್ದು! ಲಾರಿಯವರು ವೇಗ ಇಳಿಸಿ ನೋಡಿಕೊಂಡು ಹೋಗುತ್ತಿದ್ದರು.

"ಗುಡ್ಡ ಹತ್ತದೆ ಮನೆಗೆ ಹೋದರೆ ನಿನ್ನ ಚಿಕ್ಕಪ್ಪ ಎಂತ ಹೇಳ್ತಾರೆ ಗೊತ್ತುಂಟಲ್ಲ?" ಎಂದರು ಚಿಕ್ಕಮ್ಮ. ಗೊತ್ತಿತ್ತು. ಆಮೇಲೆ ದೂರದಲ್ಲಿ ರೈಲುಹಳಿಯ ಮೇಲೆ ಹಾದುಹೋಗುವ ಮೇಲ್ಸೇತುವೆ ಅವರ ಕಣ್ಣಿಗೆ ಬಿತ್ತು. "ಅಲ್ಲಿ ಒಂದು ಏರು ಉಂಟು."

ಮೂರು ಸಲ ಹತ್ತಿ ಇಳಿದೆವು. ಬಸವರಾಜ ನನ್ನ ಹಿಂದೆ ಕೂತು, ಫೋನನ್ನು ಓರೆ ಹಿಡಿದು, ಸೇತುವೆ ಘಾಟಿಯ ಹಾಗೆ ಕಾಣುವಂತೆ ಫೋಟೋ ತೆಗೆದ. ಚಿಕ್ಕಮ್ಮ ಅದನ್ನು "ಲಿಂಬರ್ಗಿನ ದಾರಿಯಲ್ಲಿ" ಎಂದು ಬರೆದು ಚಿಕ್ಕಪ್ಪನಿಗೆ ಕಳಿಸಿದರು. ಉತ್ತರ ಬಂತು: "ಇದು ಟಿಲ್‌ಬರ್ಗ್. ಹಿಂದೆ ಕಾಣುವುದು ನಮ್ಮ ಕಂಪನಿಯ ಗೋದಾಮು."

ಆ ರಾತ್ರಿ ಅಲ್ಲೇ ಒಂದು ಲಾಡ್ಜಿನಲ್ಲಿ ಉಳಿದೆವು. ಬೆಳಗ್ಗೆ ಎದ್ದರೆ ಮುಗಿಲು ನೆಲಕ್ಕೆ ತಾಗುವಷ್ಟು ಇಳಿದಿತ್ತು. ಮಳೆ ನೇರವಾಗಿ ಬೀಳದೆ ಅಡ್ಡಡ್ಡ ಹೊಡೆಯುತ್ತಿತ್ತು. ಗುಡ್ಡದ ಆಸೆ ಬಿಟ್ಟು, ಬ್ರೊಮರನ್ನು ಲಾಡ್ಜಿನವರಿಗೆ ಒಪ್ಪಿಸಿ, ಬಸವರಾಜನನ್ನು ರೈಲಿಗೆ ಬಿಟ್ಟೆವು.

"ಅಕ್ಕಾರ, ಹೆಲ್ಮೆಟ್ ಹಾಕ್ಕೊಂಡ ಕುಂಡರ್ತೀನ್ರೀ. ಬೈಕ್ ಮ್ಯಾಲ ಬಂದಂಗ ಅನಸ್ತದ" ಎಂದು, ನಿಜಕ್ಕೂ ಹೆಲ್ಮೆಟ್ ಹಾಕಿಕೊಂಡೇ ರೈಲು ಹತ್ತಿದ.

ಬ್ರೊಮರಿನ ಹಂಗಿಲ್ಲದ ಕಾರಣ ನಾವಿಬ್ಬರೂ ಮನೆಯ ಕಡೆಗೆ ಹೆದ್ದಾರಿ ಹಿಡಿದೆವು. ಚಿಕ್ಕಮ್ಮ ಮುಂದೆ. ಪಕ್ಕದಲ್ಲಿ ಲಾರಿ ಹಾದಾಗಲೆಲ್ಲ ನಮ್ಮ ಪುಟ್ಟ ಗಾಡಿಗಳು ಒಂದು ಮೊಳ ಸರಿಯುತ್ತಿದ್ದವು. ನನ್ನ ಬೆರಳುಗಳು ಮರಗಟ್ಟಿದ್ದವು. ಇಂಥ ದೇಶಕ್ಕೆ ಯಾಕೆ ಬಂದೆ, ಇಂಥ ಚಿಕ್ಕಮ್ಮನ ಅನ್ನ ಸಾರಿನ ಆಸೆಗೆ ಯಾಕೆ ಬಿದ್ದೆ ಎಂದು ಹೆಲ್ಮೆಟ್ಟಿನೊಳಗೇ ಗೋಳಾಡುತ್ತಿದ್ದೆ.

ಮೂರ್‌ದೈಕ್ ಸೇತುವೆಗೆ ಸ್ವಲ್ಪ ಮುಂಚೆ ಒಂದು ಪೆಟ್ರೋಲ್ ಬಂಕ್. ಮುಂದೆ ಸಮುದ್ರದಂಥ ನೀರು, ಅದರ ಮೇಲೆ ಒಂದು ಕಿಲೋಮೀಟರಿನ ಬಯಲು ಸೇತುವೆ, ತಡೆಯಿಲ್ಲದ ಗಾಳಿ. ಚಿಕ್ಕಮ್ಮ ಯಾವ ಸನ್ನೆಯನ್ನೂ ಮಾಡದೆ ಬಂಕಿನ ಕಡೆ ಬೈಕು ತಿರುಗಿಸಿದರು. ಚಹಾ ಇರಬೇಕು ಎಂದುಕೊಂಡು ಹಿಂಬಾಲಿಸಿದೆ.

ಅವರು ಇಳಿಯಲಿಲ್ಲ. ಹೆಲ್ಮೆಟ್ ತೆಗೆದು, ಕನ್ನಡಕ ತೆಗೆದು, ಒದ್ದೆ ಶಾಲಿನಿಂದ ಒರೆಸುತ್ತಾ ಕೂತರು. ಒರೆಸಿದಷ್ಟೂ ಅದು ಮಬ್ಬಾಗುತ್ತಿತ್ತು.

"ಎಂತ ಆಯ್ತು ಚಿಕ್ಕಮ್ಮ?"

"ಎಂತ ಇಲ್ಲ."

ಒಂದು ಲಾರಿ ಹೋಯಿತು. ಇನ್ನೊಂದು ಹೋಯಿತು.

"ನನಗೆ ಹೆದರಿಕೆ ಆಗ್ತದೆ ಮಾರಾಯ" ಎಂದರು.

ಹೆದರಿಕೆ ಎಂಬ ಪದ ಅವರ ಬಾಯಲ್ಲಿ ಯಾವ ಭಾಷೆಯಲ್ಲೂ ಬಂದದ್ದನ್ನು ನಾನು ಕೇಳಿರಲಿಲ್ಲ.

"ಈ ಊರಿಗೆ ಬಂದಾಗ ಎಲ್ಲದಕ್ಕೂ ನಾನೇ ಮುಂದೆ ಹೋಗಬೇಕಾಯ್ತು. ನಿನ್ನ ಚಿಕ್ಕಪ್ಪನಿಗೆ ಭಾಷೆ ಬರ್ತಿರ್ಲಿಲ್ಲ. ಡಾಕ್ಟ್ರ ಹತ್ರ, ಆಫೀಸಿಗೆ, ಬ್ಯಾಂಕಿಗೆ, ಎಲ್ಲ. ಹೆದರಿಕೆ ಆಗ್ತದೆ ಅಂತ ಹೇಳುವಾ ಅಂದ್ರೆ ಮುಂದೆ ಯಾರೂ ಇರ್ಲಿಲ್ಲ." ಕನ್ನಡಕ ಹಾಕಿಕೊಂಡರು. ನನ್ನ ಮುಖ ನೋಡಲಿಲ್ಲ. "ಇವತ್ತು ನೀನು ಮುಂದೆ ಹೋಗು ಮಗಾ. ನಾನು ನಿನ್ನ ಹಿಂದಿನ ಲೈಟ್ ನೋಡ್ಕೊಂಡು ಬರ್ತೇನೆ."

ನಾನು ಬೈಕಿನ ಹಿಂದೆ ಹೋಗಿ, ಕೆಂಪು ದೀಪದ ಮೇಲಿನ ಕೆಸರನ್ನು ಬೆರಳಿನಿಂದ ಉಜ್ಜಿ ತೆಗೆದೆ. ಉರಿಯುತ್ತಿದೆಯೇ ಎಂದು ಎರಡು ಸಲ ನೋಡಿದೆ. "ನಿಧಾನಕ್ಕೆ ಹೋಗ್ತೇನೆ ಚಿಕ್ಕಮ್ಮ" ಎಂದೆ.

ಆ ಸೇತುವೆಯ ಮೇಲೆ ನೀರು ಹೇಗಿತ್ತು, ಗಾಳಿ ಯಾವ ಕಡೆಯಿಂದ ಬೀಸುತ್ತಿತ್ತು ಎಂದು ಕೇಳಿದರೆ ನನಗೆ ಗೊತ್ತಿಲ್ಲ. ನಾನು ಕನ್ನಡಿಯಿಂದ ಕಣ್ಣು ತೆಗೆದದ್ದೇ ಕಡಿಮೆ. ಅದರ ಮೇಲೆ ಹನಿ ಕೂರುತ್ತಿತ್ತು, ಹೆಬ್ಬೆರಳಿನಿಂದ ಒರೆಸುತ್ತಿದ್ದೆ. ಒರೆಸಿದಾಗಲೆಲ್ಲ ಒಂದು ಹಳದಿ ದೀಪ, ಸ್ವಲ್ಪ ಅಲುಗಾಡುತ್ತಾ, ಅಷ್ಟೇ ಅಂತರದಲ್ಲಿ ಬರುತ್ತಿತ್ತು.

ಆಚೆ ದಡ ಮುಟ್ಟಿದ ಮೇಲೂ ನಾನು ವೇಗ ಹೆಚ್ಚಿಸಲಿಲ್ಲ. ಅವರೂ ಮುಂದೆ ಬರಲಿಲ್ಲ. ಜೂಟರ್‌ಮೀರಿನ ಮನೆಯ ಬಾಗಿಲವರೆಗೆ ನಾವು ಹಾಗೆಯೇ ಬಂದೆವು.