ಮಾವನ ಗಾಡಿ ಪಾಸಾದ ಬಗೆ

ಪರೀಕ್ಷೆಯಲ್ಲಿ ಪಾಸಾಗಲು ಒದ್ದಾಡುವವರನ್ನು ನೀವೂ ನೋಡಿದ್ದೀರಿ, ನಾನೂ ನೋಡಿದ್ದೇನೆ. ಆದರೆ ಫೇಲಾಗಲು ಹಟ ಹಿಡಿದು, ಅಧಿಕಾರಿಯನ್ನೂ ಒಪ್ಪಿಸಿ, ಫೇಲಾಗಿಯೇ ನೆಮ್ಮದಿಯಿಂದ ಮನೆಗೆ ಬಂದವರನ್ನು ನೋಡಬೇಕಾದರೆ ಹರಿಹರದಲ್ಲಿರುವ ನನ್ನ ಸೋದರಮಾವನನ್ನೇ ನೋಡಬೇಕು.

ಮಾವ ಮೂವತ್ತಕ್ಕೂ ಹೆಚ್ಚು ವರ್ಷ ಒಂದು ಕಾರ್ಖಾನೆಯ ತಪಾಸಣೆ ವಿಭಾಗದಲ್ಲಿದ್ದರು. ಲೇತ್ ಯಂತ್ರದಿಂದ ಇಳಿದ ಬಿಡಿಭಾಗಗಳನ್ನು ಅಳೆದು, ಸರಿಯಿದ್ದುದನ್ನು ಒಂದು ಕಡೆ, ತಪ್ಪಿದ್ದುದನ್ನು ಇನ್ನೊಂದು ಕಡೆ ಇಡುವುದು ಅವರ ಕೆಲಸ. ನಿವೃತ್ತರಾದ ಮೇಲೆ ಅಳೆಯಲು ಬಿಡಿಭಾಗಗಳು ಬರಲಿಲ್ಲ, ಆದರೆ ಅಭ್ಯಾಸ ಬಿಡಬೇಕಲ್ಲ? ಮದುವೆ ಮನೆಗೆ ಹೋದರೆ ಕುರ್ಚಿಯನ್ನು ತಿರುವಿ, ಕಾಲು ಅಲುಗಿಸಿ ನೋಡಿಯೇ ಕೂರುತ್ತಿದ್ದರು. ನನಗೆ ಹೆಣ್ಣು ನೋಡಲು ಹೋದ ದಿನ, ಆ ಮನೆಯ ಗೇಟಿನ ಕೀಲು ಸವೆದಿದೆ ಎಂದು ಹುಡುಗಿಯ ತಂದೆಯನ್ನು ಅಂಗಳದಲ್ಲೇ ಅರ್ಧ ಗಂಟೆ ನಿಲ್ಲಿಸಿಕೊಂಡರು. ಸಂಬಂಧ ಕುದುರಿತು, ಗೇಟೂ ರಿಪೇರಿಯಾಯಿತು. ಅಂದು ಬಂದವರೆಲ್ಲ ಗೇಟನ್ನು ನೋಡಿದಷ್ಟು ಸರಿಯಾಗಿ ತನ್ನನ್ನು ನೋಡಲಿಲ್ಲವೆಂದು ನನ್ನ ಹೆಂಡತಿ ಈಗಲೂ ಹೇಳುತ್ತಾಳೆ.

ಇಂಥವರ ಬಳಿ ಒಂದು ಹಳೆಯ ಮೋಟರ್ ಸೈಕಲ್ಲು. ಅದಕ್ಕೂ ನನಗೂ ಹೆಚ್ಚು ಕಡಿಮೆ ಒಂದೇ ವಯಸ್ಸು. ಹರಿಹರದ ಮೆಕ್ಯಾನಿಕ್ ಅದನ್ನು ಬಿಚ್ಚುವ ಮೊದಲು, ಹಿರಿಯರೆಂದು ಕೈ ಮುಗಿಯುತ್ತಾನಂತೆ. ಪ್ರತಿ ಸೋಮವಾರ ಮಾವ ಅದರ ಮೇಲೆ ಅತ್ತೆಯನ್ನು ಕೂರಿಸಿಕೊಂಡು ದಾವಣಗೆರೆಗೆ ಬರುತ್ತಿದ್ದರು. ಎಸ್.ಎಸ್. ಬಡಾವಣೆಯಲ್ಲಿ ಅತ್ತೆಯ ಅಕ್ಕ ಹಾಸಿಗೆ ಹಿಡಿದಿದ್ದಾರೆ. ಅವರ ತಲೆಗೆ ಎಣ್ಣೆ ಹಚ್ಚಿ, ಬಾಚಿ, ಒಂದು ಹೊತ್ತು ಜೊತೆಗಿದ್ದು ಬರುವುದು ಅತ್ತೆ ತಪ್ಪಿಸದ ಕೆಲಸ. ವಾಪಸು ಹೋಗುವಾಗ ಎಂ.ಸಿ.ಸಿ. ಬಡಾವಣೆಯ ನಮ್ಮ ಮನೆಯಲ್ಲಿ ಚಹಾ.

ಗಾಡಿಗೆ ಹದಿನೈದು ವರ್ಷ ದಾಟಿದ ಮೇಲೆ ಐದೈದು ವರ್ಷಕ್ಕೊಮ್ಮೆ ಅದನ್ನು ದಾವಣಗೆರೆಯ ಆರ್.ಟಿ.ಒ. ಮುಂದೆ ನಿಲ್ಲಿಸಿ, ರಸ್ತೆಗೆ ಯೋಗ್ಯವೆಂದು ಬರೆಸಿಕೊಳ್ಳಬೇಕು. ಹಳೆಯ ಗಾಡಿಗಳು ಯಾತಕ್ಕೆ ಫೇಲಾಗುತ್ತವೆ ಎಂಬುದು ಮಾವನಿಗೆ ಬಾಯಿಪಾಠ. ಬ್ಯಾಟರಿ ಸೊರಗಿ ಹಾರನ್ನು ಕೆಮ್ಮುತ್ತದೆ. ಹೆಡ್‌ಲೈಟು ರಸ್ತೆ ಬಿಟ್ಟು ಮರದ ಮೇಲಿನ ಕಾಗೆಯನ್ನು ಹುಡುಕುತ್ತದೆ. ಎಡಕ್ಕೆ ಮಿಣುಕುವ ಇಂಡಿಕೇಟರು ಬಲಕ್ಕೆ ಮಿಣುಕುವುದಿಲ್ಲ. ಚೌಕಟ್ಟಿನ ಮೇಲೆ ಕೊರೆದ ಚಾಸಿ ನಂಬರಿಗೆ ತುಕ್ಕು ಹಿಡಿದು, ಎಂಟು ಇದ್ದದ್ದು ಮೂರಾಗಿರುತ್ತದೆ. ಈ ವರ್ಷ ಸರದಿ ಬಂದಾಗ ಮಾವ ಇವೆಲ್ಲವನ್ನೂ ಒಂದು ತಿಂಗಳು ಮೊದಲೇ ಸರಿಪಡಿಸಿಕೊಂಡು ಬಂದರು. ಜೊತೆಗೆ ನಾನೂ ಹೋದೆ.

ತಪಾಸಣೆ ಮಾಡಿದ ಇನ್ಸ್‌ಪೆಕ್ಟರು ಇನ್ನೂ ಚಿಕ್ಕ ವಯಸ್ಸಿನವರು, ಶ್ರದ್ಧೆಯ ಮನುಷ್ಯ. ಚಾಸಿ ನಂಬರ್ ಓದಿದರು, ಹಾರನ್ ಒತ್ತಿದರು, ಗಾಡಿಯನ್ನು ಮೈದಾನದಲ್ಲಿ ಒಂದು ಸುತ್ತು ಓಡಿಸಿ ಬ್ರೇಕು ಹಿಡಿದು ನೋಡಿದರು. ಕೈ ಬ್ರೇಕನ್ನು ಮೂರು ಸಲ ಹಿಡಿದಾಗ ಹಿಂದಿನ ಕೆಂಪು ದೀಪ ಮೂರು ಸಲವೂ ಹತ್ತಿತು. ಎಲ್ಲ ಸರಿಯಾಗಿದೆ ಎಂದು ಅವರು ಪೆನ್ನು ತೆಗೆದರು.

"ಹತ್ತು ಸಲ ಒತ್ರಿ," ಎಂದರು ಮಾವ.

ಇನ್ಸ್‌ಪೆಕ್ಟರು ಮಾವನ ಬಿಳಿ ಕೂದಲು ನೋಡಿ ಸುಮ್ಮನೆ ಒತ್ತತೊಡಗಿದರು. ಆರರ ತನಕ ಹತ್ತಿತು. ಏಳನೆಯ ಸಲ ಹತ್ತಲಿಲ್ಲ. ಬ್ರೇಕಿನ ಸ್ವಿಚ್ಚಿನೊಳಗೆ ಸ್ಪ್ರಿಂಗ್ ತುಕ್ಕು ಹಿಡಿದಿರಬೇಕು, ತಮಗೆ ಮನೆಯಿಂದ ಹೊರಟ ಮೇಲೆ ಗೊತ್ತಾಯಿತು, ದಯವಿಟ್ಟು ಫೇಲೆಂದು ಬರೆಯಿರಿ ಎಂದು ಮಾವ ಕೇಳಿಕೊಂಡರು. ಅವರು ಬರೆದರು. ಸರದಿಯಲ್ಲಿ ನಮ್ಮ ಹಿಂದಿದ್ದ ಕುಕ್ಕುವಾಡದ ರೈತರೊಬ್ಬರು ತಮ್ಮ ಗಾಡಿಯನ್ನು ಎರಡು ಹೆಜ್ಜೆ ಹಿಂದಕ್ಕೆಳೆದುಕೊಂಡು, "ಯಜಮಾನ್ರೆ, ನಮ್ಮ ಗಾಡಿ ಕಡೆ ಮಾತ್ರ ನೋಡಬ್ಯಾಡ್ರಿ" ಎಂದರು.

ನಾನು ಅರ್ಧ ದಿನ ರಜೆ ಹಾಕಿ ಬಂದವನು. ಹೊರಗೆ ಬಂದವನೇ ಸಿಟ್ಟು ಮಾಡಿದೆ. ಸಾಹೇಬರೇ ಪಾಸು ಮಾಡುತ್ತಿದ್ದಾಗ ಬಾಯಿ ಮುಚ್ಚಿಕೊಂಡಿದ್ದು, ಸ್ವಿಚ್ಚನ್ನು ಆಮೇಲೆ ಹಾಕಿಸಬಹುದಿತ್ತಲ್ಲ ಎಂದೆ. ಮಾವ ಹೆಲ್ಮೆಟ್ಟನ್ನು ಸೀಟಿನ ಮೇಲಿಟ್ಟರು.

"ಹಿಂದೆ ನಿಮ್ಮತ್ತಿ ಕೂತಿರ್ತಾಳ ಅಳಿಯಾ. ಸೀಟಿನ ಕೆಳಗ ಏನೈತಿ ಅಂತ ಆಕಿಗೇನು ಗೊತ್ತು? ಇವ್ರು ನೋಡಿರ್ತಾರ ಅಂತ ಹೆಗಲ ಮ್ಯಾಲೆ ಕೈ ಇಟ್ಟು ಕೂಡ್ತಾಳ. ನಾ ನೋಡಿರಬೇಕಲ್ಲ."

ನಾನು ಇನ್ನೊಂದು ಅರ್ಧ ದಿನದ ರಜೆಗೆ ಅರ್ಜಿ ಬರೆದೆ.

ಎರಡನೆಯ ಸಲ ಅವರು ದಾವಣಗೆರೆಯನ್ನೇ ಮುಟ್ಟಲಿಲ್ಲ. ದಾರಿಯಲ್ಲಿ ದೊಡ್ಡಬಾತಿಯ ಹತ್ತಿರ ನೀರು ಕುಡಿಯಲು ನಿಲ್ಲಿಸಿದಾಗ ಹಿಂದಿನ ಟಯರು ಕಣ್ಣಿಗೆ ಬಿತ್ತಂತೆ. ಹೆಚ್ಚು ಓಡದ ಗಾಡಿಯಾದ್ದರಿಂದ ಟಯರಿನ ಮೇಲಿನ ಗೆರೆಗಳು ಹೊಸದರ ಹಾಗೆಯೇ ಇದ್ದವು, ಆದರೆ ಪಕ್ಕದಲ್ಲಿ ಕೂದಲೆಳೆಯಂಥ ಬಿರುಕುಗಳು. ರಬ್ಬರು ಸವೆಯದಿದ್ದರೂ ಮುದಿಯಾಗುತ್ತದೆ ಎಂದು ಫೋನಿನಲ್ಲಿ ನನಗೆ ವಿವರಿಸಿ, ಅಲ್ಲಿಂದಲೇ ಗಾಡಿ ತಿರುಗಿಸಿಕೊಂಡು ಹೋದರು. ಆರ್.ಟಿ.ಒ. ಮುಂದೆ ಕಾದು ನಿಂತವನು ನಾನೊಬ್ಬನೇ. ಒಳಗಿನಿಂದ ಬಂದ ಇನ್ಸ್‌ಪೆಕ್ಟರು ನನ್ನ ಗುರುತು ಹಿಡಿದು, ಇವತ್ತೇನು ಫೇಲಾಯಿತು ಎಂದು ವಿಚಾರಿಸಿದರು.

ಮೂರನೆಯ ಸಲ ಗಾಡಿ ಪಾಸಾಯಿತು. ಇನ್ಸ್‌ಪೆಕ್ಟರು ತಾವಾಗಿಯೇ ಹತ್ತು ಸಲ ಬ್ರೇಕು ಒತ್ತಿ, ಮಾವನ ಮುಖ ನೋಡಿ, ಅವರು ತಲೆ ಆಡಿಸಿದ ಮೇಲೆಯೇ ಸಹಿ ಹಾಕಿದರು. ನಾನು ಉಸಿರು ಬಿಟ್ಟೆ. ಇನ್ನು ಹೋಗೋಣ ಎಂದರೆ ಮಾವ ಅಲುಗಾಡಲಿಲ್ಲ. ಲೈಸೆನ್ಸಿನ ಅರ್ಜಿಯಲ್ಲಿ, ಇಪ್ಪತ್ತೈದು ಮೀಟರು ದೂರದಿಂದ ಒಂದೊಂದೇ ಕಣ್ಣಿನಿಂದ ಗಾಡಿಯ ನಂಬರು ಓದಬಲ್ಲಿರಾ ಎಂಬ ಪ್ರಶ್ನೆಯೊಂದಿರುತ್ತದೆ. ನಮ್ಮಂಥವರು ಕಣ್ಣು ಮುಚ್ಚಿ ಹೌದು ಎಂದು ಬರೆಯುವ ಪ್ರಶ್ನೆ ಅದು. ಅಲ್ಲಿ ನಿಂತಿದ್ದ ಒಂದು ಕಾರಿನಿಂದ ಮಾವ ಹೆಜ್ಜೆ ಅಳೆದುಕೊಂಡು ದೂರ ಹೋಗಿ ನಿಂತರು. ಅಂಗೈಯಿಂದ ಎಡಗಣ್ಣು ಮುಚ್ಚಿ ನಂಬರನ್ನು ಪೂರ್ತಿ ಓದಿದರು. ಆಮೇಲೆ ಬಲಗಣ್ಣು ಮುಚ್ಚಿದರು.

"ಕೆಎ ಹದಿನೇಳು," ಎಂದರು.

ಆ ಮೈದಾನದಲ್ಲಿದ್ದ ಗಾಡಿಗಳೆಲ್ಲ ಕೆಎ ಹದಿನೇಳೇ. ಮುಂದಿನದಕ್ಕೆ ನಾನು ಕಾದೆ. ಮಾವನಿಂದ ಮುಂದಿನ ಅಂಕಿ ಬರಲೇ ಇಲ್ಲ. ಕೈ ಇಳಿಸಿದವರು ಜೇಬಿನಿಂದ ಕೀಲಿ ತೆಗೆದು ನನ್ನ ಕೈಗಿಟ್ಟು, "ನೀನ ಹೊಡಿ," ಎಂದರು. ಅಲ್ಲಿಂದ ಹರಿಹರದವರೆಗೆ ನನ್ನ ಹಿಂದೆ ಕೂತು ಬಂದರು.

ಮರುದಿನ ಕಣ್ಣಿನ ಡಾಕ್ಟರಲ್ಲಿಗೆ ಕರೆದುಕೊಂಡು ಹೋದೆ. ಎಡಗಣ್ಣಿನ ನರ ಬತ್ತುತ್ತಿದೆ, ಹೋದದ್ದು ವಾಪಸು ಬರುವುದಿಲ್ಲ, ಉಳಿದದ್ದನ್ನು ಕಾಪಾಡಿಕೊಳ್ಳಲು ದಿನಾ ಹನಿ ಹಾಕಿಕೊಳ್ಳಬೇಕು ಎಂದರು ಡಾಕ್ಟರು. ಒಂದು ಕಣ್ಣು ಚೆನ್ನಾಗಿದೆಯಲ್ಲ, ಹಗಲು ಹೊತ್ತು ನಿಧಾನವಾಗಿ ಓಡಿಸಬಹುದು ಎಂದು ನಾನು ಸಮಾಧಾನ ಹೇಳಲು ಹೋದೆ. ಮಾವ ಹನಿಯ ಚೀಟಿಯನ್ನು ಮಡಿಸಿ ಜೇಬಿಗಿಟ್ಟುಕೊಂಡು ಎದ್ದರು. ಮನೆಗೆ ಹೋಗಿ ಅತ್ತೆಗೆ ವಿಷಯವನ್ನು ಅವರೇ ಹೇಳಿದರು.

"ಗಾಡಿ ಪಾಸಾತು. ನಾ ಫೇಲಾದೆ."

ಗಾಡಿ ಈಗ ನಮ್ಮ ಮನೆಯ ಮುಂದಿದೆ. ಅದನ್ನು ಮಾರಲು ಮಾವ ಒಪ್ಪಲಿಲ್ಲ, ತಾವು ಓಡಿಸಲೂ ಇಲ್ಲ. ಆಮೇಲಿನ ಮೊದಲ ಸೋಮವಾರ ನಾನೇ ಹರಿಹರಕ್ಕೆ ಬಂದು ಅತ್ತೆಯನ್ನು ಕರೆದೊಯ್ಯುತ್ತೇನೆ ಎಂದರೂ ಇಬ್ಬರೂ ಕೇಳಲಿಲ್ಲ, ಸರ್ಕಾರಿ ಬಸ್ಸಿಗೆ ಬಂದರು. ಹೆಂಗಸರಿಗೆ ಉಚಿತವಾದ್ದರಿಂದ ಅತ್ತೆಗೆ ದುಡ್ಡಿಲ್ಲ, ಮಾವನಿಗೆ ಮಾತ್ರ ಟಿಕೆಟ್ಟು. ಅಂದಿನಿಂದ ಅದೇ ರೂಢಿಯಾಯಿತು. ಮಾವನಿಗೆ ಬೇಸರವಾಗಿರಬಹುದು, ಏನು ಮಾತಾಡಿದರೆ ಏನಾಗುವುದೋ ಎಂದು ನಾನು ಒಂದೆರಡು ವಾರ ಬಸ್ಸಿನ ಸುದ್ದಿಯನ್ನೇ ಎತ್ತಲಿಲ್ಲ.

ಕಳೆದ ಸೋಮವಾರ ಅತ್ತೆ ಒಳಗೆ ನನ್ನ ಹೆಂಡತಿಯ ಜೊತೆಗಿದ್ದರು. ಮಾವ ಚಹಾದ ಲೋಟ ಹಿಡಿದು ಜಗುಲಿಯ ಮೇಲೆ ಕೂತಿದ್ದರು. ನಾನು ಕೇಳದಿದ್ದರೂ ಅವರೇ ಶುರು ಮಾಡಿದರು.

"ನಿಮ್ಮತ್ತಿ ದಾರಿ ತುಂಬ ಮಾತಾಡ್ತಾಳ, ಗೊತ್ತೇನು? ಗಾಡಿ ಮ್ಯಾಲೂ ಇಷ್ಟು ವರ್ಷ ಹಿಂಗ ಮಾತಾಡ್ತಿದ್ಲಂತ. ಗಾಳಿ, ಇಂಜಿನ್ನು, ಹೆಲ್ಮೆಟ್ಟು, ನನಗೆಲ್ಲಿ ಕೇಳ್ಬೇಕು. ಹೂಂ ಹೂಂ ಅಂತಿದ್ನಂತ."

"ಈಗೇನು ಮಾಡ್ತೀರಿ?" ಎಂದೆ.

"ಮೊದಲಿಂದ ಹೇಳು ಅಂದೀನಿ," ಎಂದರು ಮಾವ. ಲೋಟದಲ್ಲಿದ್ದ ಚಹಾವನ್ನು ಮುಗಿಸಿ, ಒಳಗೊಮ್ಮೆ ನೋಡಿ, ದನಿ ತಗ್ಗಿಸಿದರು. "ಇನ್ನೂ ಮದುವಿ ಆದ ಮೂರನೇ ವರ್ಷಕ್ಕ ಬಂದೈತಿ."