ಪೆಂಗ್ವಿನ್ನಿಗೊಂದು ಕೋಣೆ, ಅತ್ತೆಗೊಂದು ಕೋಣೆ

ಪ್ರಾಮಾಣಿಕತೆಯ ಪಾಠ ಮಾಡುತ್ತಿದ್ದಾಗಲೇ ನನ್ನ ಕಂಪ್ಯೂಟರು ನನ್ನನ್ನು ಕಳ್ಳನೆಂದು ಸಾರಿತು. ಅರಬ್ಬಿ ಮಾತಾಡುವ ನಮ್ಮ ಸ್ಫಾಕ್ಸ್ ಪಟ್ಟಣದ ಹೈಸ್ಕೂಲೊಂದರಲ್ಲಿ ನಾನು ಪೌರನೀತಿ ಮೇಷ್ಟ್ರು. ಗೋಡೆಯ ಮೇಲೆ ‘ಉತ್ತಮ ಪ್ರಜೆಯ ಲಕ್ಷಣಗಳು’ ಮೂಡಬೇಕಾದ ಗಳಿಗೆಯಲ್ಲಿ ಪರದೆ ಕಪ್ಪಾಗಿ, ‘ನೀವು ಬಳಸುತ್ತಿರುವುದು ಅಸಲಿ ಪ್ರತಿಯಲ್ಲ’ ಎಂಬ ಸಾಲು ಬಂತು. ಮೂವತ್ತೆಂಟು ಮಕ್ಕಳು ಅದನ್ನೂ ಶ್ರದ್ಧೆಯಿಂದ ಬರೆದುಕೊಂಡರು.

ಅಂದೇ ಶಪಥ ಮಾಡಿದೆ. ಕದ್ದ ಸರಕಿನ ಸಹವಾಸ ಸಾಕು! ಯಾರು ಬೇಕಾದರೂ ಪುಕ್ಕಟೆಯಾಗಿ ಒಯ್ಯಬಹುದಾದ, ಪೆಂಗ್ವಿನ್ ಲಾಂಛನದ ಲಿನಕ್ಸ್ ಎಂಬ ಕಾರ್ಯವ್ಯವಸ್ಥೆಯನ್ನು ನನ್ನ ಯಂತ್ರದಲ್ಲಿ ಪ್ರತಿಷ್ಠಾಪಿಸುತ್ತೇನೆ. ಆದರೆ ಹಳೆಯದನ್ನು ಒಮ್ಮೆಲೇ ಓಡಿಸುವಂತಿರಲಿಲ್ಲ. ಅದರಲ್ಲಿ ನನ್ನ ಅತ್ತೆಯವರಿದ್ದರು.

ಅತ್ತೆ ಶಾದ್ಲಿಯಾ ತೀರಿಕೊಂಡದ್ದು ಹೋದ ಬೇಸಿಗೆಯಲ್ಲಿ. ಅದಕ್ಕೂ ಮುಂಚಿನ ರಂಜಾನಿನಲ್ಲಿ ಅವರು ಶರ್ಮೂಲಾ ಮಾಡುವ ಬಗೆಯನ್ನು ನನ್ನ ಹೆಂಡತಿ ವಸೀಲಾ ತಾಯಿಯ ಬಾಯಿಂದಲೇ ಒಂಬತ್ತು ಕಂತುಗಳಲ್ಲಿ ಫೋನಿಗೆ ತುಂಬಿಸಿಕೊಂಡಿದ್ದಳು. ಈರುಳ್ಳಿ, ಒಣದ್ರಾಕ್ಷಿಗಳನ್ನು ಗಂಟೆಗಟ್ಟಲೆ ಬೇಯಿಸಿದ ಆ ಕಪ್ಪು ಗೊಜ್ಜು, ಉಪ್ಪುಮೀನು ಇಲ್ಲದಿದ್ದರೆ ನಮ್ಮೂರಿನಲ್ಲಿ ಈದ್ ಬೆಳಗಾಗುವುದಿಲ್ಲ. ಫೋನು ಬಿದ್ದು ಒಡೆದೀತು, ಕಂಪ್ಯೂಟರಿನಲ್ಲಿದ್ದರೆ ಭದ್ರ ಎಂದು ಒಂಬತ್ತನ್ನೂ ಅಲ್ಲಿಗೆ ಸಾಗಿಸಿ ಫೋನನ್ನು ಚೊಕ್ಕಟ ಮಾಡಿದ ದೂರದರ್ಶಿ ನಾನೇ.

“ಅಮ್ಮ ಇಲ್ಲದ ಮೊದಲ ಹಬ್ಬ ಇದು. ನಾಲ್ಕು ದಿನ ತಡಿ ಮುನ್ಸಿಫ್, ಹಬ್ಬ ಕಳೀಲಿ,” ಎಂದಳು ವಸೀಲಾ. ಮುನ್ಸಿಫ್ ನನ್ನ ಹೆಸರು, ಹುದ್ದೆಯಲ್ಲ.

“ಡಿಸ್ಕಿನಲ್ಲಿ ಎರಡು ಕೋಣೆ ಮಾಡ್ತೀನಿ ಕಣೇ. ಒಂದರಲ್ಲಿ ಅತ್ತೆ, ಇನ್ನೊಂದರಲ್ಲಿ ಪೆಂಗ್ವಿನ್.”

“ಅಮ್ಮ ಯಾರ ಜೊತೆಗೂ ಮನೆ ಹಂಚಿಕೊಂಡವಳಲ್ಲ.”

ಉಪವಾಸದ ಇಳಿಹೊತ್ತು. ಕಾಫಿಯಿಲ್ಲ, ಸಿಗರೇಟಿಲ್ಲ, ತಲೆಯೊಳಗೆ ಖಾಲಿ ಕೊಡ. ಡಿಸ್ಕನ್ನು ಕರಾರುವಾಕ್ಕಾಗಿ ಅರ್ಧಕ್ಕೆ ಸೀಳಿದೆ. ಪೌರನೀತಿ ಮೇಷ್ಟ್ರಲ್ಲವೇ, ಸಮಾನತೆ! ಮೊದಲ ಅರ್ಧ ತುಂಬಿದ ಕೋಣೆ, ಎರಡನೆಯದು ಖಾಲಿ. ಲಿನಕ್ಸ್ ವಿನಯದಿಂದ ಕೇಳಿತು: ಯಾವ ಭಾಷೆಯಲ್ಲಿ ಮಾತಾಡಲಿ? ಇಪ್ಪತ್ತು ವರ್ಷ ಕಂಪ್ಯೂಟರಿನ ಜೊತೆ ಫ್ರೆಂಚಿನಲ್ಲೇ ಸಂಸಾರ ಮಾಡಿದವನು ನಾನು. ಸ್ವಾತಂತ್ರ್ಯವೆಂದ ಮೇಲೆ ಪೂರ್ತಿ ಸ್ವಾತಂತ್ರ್ಯ! ಎದೆಯುಬ್ಬಿಸಿ ಅರಬ್ಬಿ ಆರಿಸಿದೆ.

ಪರದೆಯ ಮೇಲೆ ಒಂದೇ ಅಳತೆಯ ಎರಡು ಪೆಟ್ಟಿಗೆಗಳು ಅಕ್ಕಪಕ್ಕ ನಿಂತವು. ಮೊದಲನೆಯದು ಎಡಕ್ಕೆ, ಎರಡನೆಯದು ಬಲಕ್ಕೆ, ಅಂದರೆ ಬಲದ್ದು ಖಾಲಿ. ಅದನ್ನೇ ಒತ್ತಿದೆ. ‘ಇದರಲ್ಲಿರುವುದೆಲ್ಲ ಅಳಿದುಹೋಗುತ್ತದೆ. ಖಚಿತವೇ?’ ಎಂದಿತು. ಖಾಲಿ ಕೋಣೆಯಲ್ಲಿ ಅಳಿಯುವುದೇನು ಮಣ್ಣು? ಖಚಿತ ಎಂದೆ.

ಸಂಜೆಯ ಅಜಾನ್ ಆಯಿತು. ಖರ್ಜೂರ ಬಾಯಿಗಿಟ್ಟುಕೊಂಡು, ಪರದೆಯ ಮೇಲೆ ಮಿನುಗುತ್ತಿದ್ದ ಹೊಸ ವ್ಯವಸ್ಥೆಯನ್ನು ಮೆಚ್ಚಿ ನೋಡುತ್ತಾ ಹಳೆಯ ಕೋಣೆಯ ಬಾಗಿಲು ಹುಡುಕಿದೆ. ಬಾಗಿಲಿರಲಿಲ್ಲ. ಗೋಡೆಯೂ ಇರಲಿಲ್ಲ.

ಭೌತಶಾಸ್ತ್ರದ ಮೇಷ್ಟ್ರು ಹಮ್ಮಾದಿ ಬಂದು ನೋಡಿ, ನನ್ನ ಹೆಗಲ ಮೇಲೆ ಕೈಯಿಟ್ಟರು. ಸಾವಿನ ಮನೆಯಲ್ಲಿ ಇಡುತ್ತಾರಲ್ಲ, ಹಾಗೆ.

“ಮೇಷ್ಟ್ರೇ, ಅರಬ್ಬಿ ಎಲ್ಲಿಂದ ಎಲ್ಲಿಗೆ ಓದ್ತೀರಿ?”

“ಬಲದಿಂದ ಎಡಕ್ಕೆ. ಒಂದನೇ ಕ್ಲಾಸಿನ ಮಗುವಿಗೂ ಗೊತ್ತು.”

“ಆ ಮಗೂನ ಪಕ್ಕದಲ್ಲಿ ಕೂರಿಸಿಕೊಂಡಿದ್ದರೆ ಚೆನ್ನಾಗಿತ್ತು. ಅರಬ್ಬಿ ಅಂದ ಕೂಡ್ಲೆ ಪರದೇನೂ ಬಲದಿಂದ ಶುರುವಾಗುತ್ತೆ. ಮೊದಲನೇ ಪೆಟ್ಟಿಗೆ ಬಲಗಡೇದು.”

ನಲವತ್ತೇಳು ವರ್ಷ ಬಲದಿಂದ ಓದಿದ ಭಾಷೆಯನ್ನು ನಾನು ಆ ಒಂದು ಸಂಜೆ ಎಡದಿಂದ ಓದಿದ್ದೆ.

ವಸೀಲಾ ಬಯ್ಯಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. “ಒಂಬತ್ತೂ ಹೋದವಾ?” ಎಂದಷ್ಟೇ ಕೇಳಿ ಒಳಗೆ ಹೋದಳು. ಅತ್ತೆಯನ್ನು ಮಣ್ಣು ಮಾಡಿ ಬಂದ ದಿನವೂ ನಮ್ಮ ಮನೆ ಇಷ್ಟು ಮೌನವಾಗಿರಲಿಲ್ಲ. ಅವತ್ತು ಜನರಿದ್ದರು.

ಹಮ್ಮಾದಿ ಡಿಸ್ಕನ್ನು ಮನೆಗೊಯ್ದು ಎರಡು ದಿನ ಗೋರಿದರು. ಹಬ್ಬದ ಹಿಂದಿನ ದಿನ ತಲೆ ತಗ್ಗಿಸಿಕೊಂಡು ಬಂದು, “ಒಂದೇ ಉಳಿದಿದೆ. ಎಷ್ಟನೇದೋ ಗೊತ್ತಿಲ್ಲ,” ಎಂದರು.

ಅಡುಗೆಮನೆಯಲ್ಲಿ ಐದು ಕಿಲೋ ಈರುಳ್ಳಿ ಹೆಚ್ಚಿಯಾಗಿತ್ತು. ವಸೀಲಾಳ ಕಣ್ಣುಗಳು ಕೆಂಪಾಗಿದ್ದವು. ಯಾವುದರಿಂದ ಎಂದು ಕೇಳುವ ಧೈರ್ಯ ನನಗಿರಲಿಲ್ಲ. ದ್ರಾಕ್ಷಿ ಎಷ್ಟು, ದಾಲ್ಚಿನ್ನಿ ಯಾವಾಗ, ಒಲೆಯಿಂದ ಇಳಿಸುವ ಹದ ಯಾವುದು, ಯಾವುದೋ ಒಂದಕ್ಕಾದರೂ ಉತ್ತರ ಸಿಕ್ಕೀತೆಂದು ಮೂವರೂ ಕಂಪ್ಯೂಟರಿನ ಮುಂದೆ ಕುಳಿತೆವು.

ಗುಂಡಿ ಒತ್ತಿದೆ. ಮೊದಲು ಬಾಣಲೆಯ ಚಟಪಟ. ಆಮೇಲೆ ವಸೀಲಾಳದೇ ನಗುವಿನ ದನಿ, ಹೋದ ವರ್ಷದ್ದು:

“ಅಮ್ಮಾ, ಇಷ್ಟೆಲ್ಲ ಕೆಲಸ ನಾನೊಬ್ಬಳೇ ಮಾಡ್ಬೇಕಲ್ಲ. ಮುನ್ಸಿಫ್‌ಗೆ ಏನು ಹೇಳಲಿ?”

ಸೌಟಿನ ಸದ್ದು ನಿಂತಿತು. ಅತ್ತೆಯ ದನಿ ಬಂತು:

“ಏನನ್ನೂ ಮುಟ್ಟಬೇಡ ಅಂತ ಹೇಳು.”