ಹೊಗೆಯ ರುಚಿಗೆ ನಾನೇ ತೀರ್ಪುಗಾರ

ದಣಿದ ಮನುಷ್ಯನಿಗೆ ಅಭಿಪ್ರಾಯಗಳು ಬೇಕಿಲ್ಲ, ಕುರ್ಚಿಯೊಂದಿದ್ದರೆ ಸಾಕು. ಐವತ್ತೈದು ದಾಟಿದ ಮೇಲೆ ನನಗೆ ಹೊಳೆದ ಸತ್ಯವಿದು. ವಾರವಿಡೀ ಗ್ರೀನ್‌ಫರ್ಡಿನ ಗೋದಾಮಿನಲ್ಲಿ ಲಾರಿಗಳಿಗೆ ದಾರಿ ತೋರಿಸಿ, ಶನಿವಾರ ಕೆಂಟನ್ನಿನ ಮನೆಯಲ್ಲಿ ಕಾಲು ಚಾಚುವಷ್ಟರಲ್ಲಿ ಹೆಂಡತಿ ಸುಮಂಗಲಾ ಕೊಡಲಿ ತಂದು ಕೈಗಿಡುತ್ತಾಳೆ. ವಿಜಯಪುರದಲ್ಲಿ ಅವ್ವ ಒಲೆಗೆ ಕಟ್ಟಿಗೆ ಒಡೆಯಲು ಕರೆದಾಗಲೆಲ್ಲ ಓದಿನ ನೆಪ ಹೇಳಿ ತಪ್ಪಿಸಿಕೊಳ್ಳುತ್ತಿದ್ದೆ. ಆ ಓದಿನ ಬಲದಿಂದಲೇ ಲಂಡನ್ನಿಗೆ ಬಂದು ಈಗ ಕಟ್ಟಿಗೆ ಒಡೆಯುತ್ತಿದ್ದೇನೆ.

ಕಾರಣ ಬಾರ್ಬೆಕ್ಯೂ ಸ್ಪರ್ಧೆ. ಸುಮಂಗಲಾ ಮತ್ತು ಪಕ್ಕದ ಮನೆಯ ಕಾಲಿನ್, ನಿವೃತ್ತ ಬಸ್ ಚಾಲಕ, ಇಬ್ಬರೂ ಸೇರಿ ಒಂದು ತಂಡ. ನಾನು ಕೂಲಿ. ಮಾಂಸವನ್ನು ಗಂಟೆಗಟ್ಟಲೆ ಹೊಗೆಯಲ್ಲಿ ಬೇಯಿಸುವ ನಮ್ಮ ಹಳೆಯ ಸ್ಮೋಕರ್ ಈ ವರ್ಷ ತಳ ತೂತಾಗಿ ಹೋಯಿತು. ಹೊಸದು ಯಾವುದು ಎಂಬಲ್ಲಿ ಜಗಳ ಶುರು. ಸುಮಂಗಲಾಗೆ ಪೆಲೆಟ್ ಸ್ಮೋಕರ್ ಬೇಕು. ಮರದ ಪುಡಿಯನ್ನು ಒತ್ತಿ ಮಾಡಿದ ಗುಳಿಗೆಗಳನ್ನು ಅದು ತಾನೇ ಬೆಂಕಿಗೆ ಉಣಿಸಿಕೊಳ್ಳುತ್ತದೆ. ಶಾಖ ಎಷ್ಟಿರಬೇಕೆಂದು ಫೋನಿನಲ್ಲಿ ಒತ್ತಿದರೆ ಮುಗಿಯಿತು. ಕಾಲಿನ್‌ಗೆ ಕಟ್ಟಿಗೆಯದೇ ಆಗಬೇಕು. ಅರ್ಧ ಗಂಟೆಗೊಂದು ತುಂಡು ಹಾಕುತ್ತ ಬೆಂಕಿಯ ಪಕ್ಕ ಕೂರುವುದೇ ಅಡುಗೆ, ಉಳಿದದ್ದೆಲ್ಲ ಚಾಲಕನಿಲ್ಲದ ಬಸ್ಸು ಎಂಬುದು ಅವನ ವಾದ. ಸುಮಂಗಲಾ ಅದಕ್ಕೆ, ಚಾಲಕನಿಲ್ಲದ ಬಸ್ಸಾದರೂ ಹೊತ್ತಿಗೆ ಸರಿಯಾಗಿ ಬಂದೀತು ಎಂದುಬಿಟ್ಟಳು. ಹೆಂಡತಿ ತೀರಿಕೊಂಡಾಗಿನಿಂದ ಪ್ರತಿ ಭಾನುವಾರ ನಮ್ಮಲ್ಲೇ ಚಹಾ ಕುಡಿಯುತ್ತಿದ್ದ ಕಾಲಿನ್, ಆಮೇಲೆ ಮೂರು ಭಾನುವಾರ ಬರಲಿಲ್ಲ. ಬೇಲಿಯಾಚೆ ಅಡುಗೆಮನೆಯ ಕಿಟಕಿಯಲ್ಲಿ ಅವನು ಒಂದೇ ಬಟ್ಟಲು ತೊಳೆಯುತ್ತಿರುವುದು ಕಾಣುತ್ತಿತ್ತು. ಸುಮಂಗಲಾ ಆ ಕಡೆ ನೋಡದಂತೆ ನೋಡುತ್ತಿದ್ದಳು.

ಕೊನೆಗೆ ಅವಳೇ ದಾರಿ ಹುಡುಕಿದಳು. ಹ್ಯಾರೋದ ಗೆಳತಿಯಿಂದ ಪೆಲೆಟ್ ಯಂತ್ರ ತಂದಳು. ಕಾಲಿನ್ ಯಾರದೋ ಕಟ್ಟಿಗೆಯದನ್ನು ಎರವಲು ತಂದ. ಎರಡರಲ್ಲೂ ಕೋಳಿ ಕಾಲು ಬೇಯಿಸಿ, ಯಾವುದು ಯಾವುದರದ್ದೆಂದು ಹೇಳದೆ ನನ್ನ ಮುಂದಿಡುವುದು, ನಾನು ಆರಿಸಿದ್ದೇ ಅಂತಿಮ ಎಂದು ಇಬ್ಬರೂ ಒಪ್ಪಿದರು.

ಇಲ್ಲಿ ಒಂದು ಗುಟ್ಟು ಹೇಳಬೇಕು. ಚಳಿಗಾಲದ ನೆಗಡಿಯ ನಂತರ ನನ್ನ ಮೂಗು, ನಾಲಿಗೆ ಎರಡೂ ಕೆಲಸ ಬಿಟ್ಟಿದ್ದವು. ಬಾಯಿಬಿಟ್ಟರೆ ಸುಮಂಗಲಾ ಜಿಪಿ ಡಾಕ್ಟರ ಹತ್ತಿರ ಎಳೆದೊಯ್ಯುತ್ತಾಳೆಂದು, ತಟ್ಟೆಗೆ ಬಿದ್ದದ್ದಕ್ಕೆಲ್ಲ “ಚಲೋ ಆಗೇದ” ಎನ್ನುತ್ತ ತಿಂಗಳುಗಳನ್ನೇ ದೂಡಿದ್ದೆ. ಮೊದಲ ತುಂಡು ಬಿಸಿ ರಬ್ಬರಿನಂತಿತ್ತು. ಎರಡನೆಯದೂ ಅದೇ ರಬ್ಬರು, ತುಸು ಮೆತ್ತಗೆ. ಕಾಲಿನ್ ಉಸಿರು ಹಿಡಿದು ನಿಂತಿದ್ದ. ನನ್ನ ಮತ ಪೆಲೆಟ್ಟಿಗೇ. ಅದು ಬಂದರೆ ಕೊಡಲಿಗೆ ನಿವೃತ್ತಿ. ಯಂತ್ರ ಬೇಯಿಸಿದ್ದೇ ಮೆತ್ತಗಿರಬೇಕೆಂದು ಲೆಕ್ಕ ಹಾಕಿ, ಕಣ್ಣು ಮುಚ್ಚಿ ರುಚಿ ನೋಡುವಂತೆ ನಟಿಸಿ, “ಎರಡನೇದು” ಎಂದೆ.

ಕಾಲಿನ್ ನನ್ನನ್ನು ಬಿಗಿದಪ್ಪಿದ. ಅದು ಕಟ್ಟಿಗೆಯದ್ದು.

ಸುಮಂಗಲಾ ತಕ್ಷಣ ಸೋಲೊಪ್ಪಿ ಚಹಾಕ್ಕಿಟ್ಟಳು. ಅದು ನನಗೆ ವಿಚಿತ್ರವೆನಿಸಿತು, ಆದರೆ ವಿಚಾರಿಸುವ ಶಕ್ತಿಯಿರಲಿಲ್ಲ. ಸ್ಪರ್ಧೆಯ ದಿನ ಮೈದಾನದಲ್ಲಿ ಬೆಳಗಿನಿಂದ ಕಟ್ಟಿಗೆ ಹೊತ್ತೆ, ಹೊಗೆಗೆ ನನ್ನ ಕಣ್ಣು ಕೆಂಡವಾದವು. ಹದಿನಾಲ್ಕು ತಂಡಗಳಲ್ಲಿ ನಾವು ಆರನೆಯವರು. ಕಾಲಿನ್ ಸಿಕ್ಕವರ ಕೈಯನ್ನೆಲ್ಲ ಎರಡೆರಡು ಸಲ ಕುಲುಕಿ, ಮರಳುವಾಗ ಕಾರಿನ ಹಿಂದಿನ ಸೀಟಿನಲ್ಲಿ ಬಾಯಿ ತೆರೆದು ನಿದ್ದೆ ಹೋದ. ಮೈ ನೋಯುವಾಗ ಗುಟ್ಟೂ ಭಾರವಾಗುತ್ತದೆ. ಕಾರು ಓಡಿಸುತ್ತಿದ್ದ ಸುಮಂಗಲಾಗೆ ನನ್ನ ನಾಲಿಗೆಯ ಕಥೆ ಹೇಳಿಬಿಟ್ಟೆ.

“ಗೊತ್ತದ ಬಿಡ್ರಿ,” ಎಂದಳು. “ಉಪ್ಪು ಮರೆತ ಸಾರು ಎರಡು ಸಲ ಹಾಕಿಸ್ಕೊಂಡಿದ್ರಿ.”

“ಮತ್ತ ನನ್ನನ್ಯಾಕ ಕೂಡಿಸಿದಿ ತೀರ್ಪು ಹೇಳಾಕ?”

“ಯಾರರ ಒಬ್ರು ಸೋಲಬೇಕಿತ್ತಲ್ಲ. ಚೀಟಿ ಎತ್ತೋಣಂದ್ರ ಕಾಲಿನ್ ಒಪ್ತಿರಲಿಲ್ಲ. ಅದಕ್ಕ ನಿಮ್ಮನ್ನ ಎತ್ತಿದೆ.”

ಅವಳು ಇಂಡಿಕೇಟರ್ ಹಾಕಿ ನಮ್ಮ ಬೀದಿಗೆ ತಿರುಗಿಸಿದಳು. ಇಪ್ಪತ್ತೆಂಟು ವರ್ಷಗಳಿಂದ ಮನೆಯ ದೊಡ್ಡ ನಿರ್ಧಾರಗಳನ್ನೆಲ್ಲ ನಾನೇ ಮಾಡುತ್ತ ಬಂದಿದ್ದೇನೆ ಎಂದುಕೊಂಡಿದ್ದೆ. ಅವುಗಳಲ್ಲಿ ಎಷ್ಟು ಸಲ ನಾನು ಬರೀ ಚೀಟಿಯಾಗಿದ್ದೆ ಎಂದು ಕೇಳಬೇಕೆನಿಸಿತು. ಕೇಳಲಿಲ್ಲ, ಅವಳಿಗೆ ಸಂಖ್ಯೆ ನೆನಪಿರುತ್ತದೆ.